ಹರಳು ಎಂದು ಹೇಳಬೇಡ

ಗಂಗಾವತಿ

ಮುದ್ದಿನ ಮಗಳೇ,

“ಅಪ್ಪಗ ಹರಳಿನ ಆಪರೇಶನ್ ಅಂತ ಹೇಳೇವಿ. ರಿಪೋರ್ಟ್ ಎಲ್ಲಿ ಬಚ್ಚಿಡಲಿ, ಅತ್ತಿ?” ಎಂದು ನೀನು ನಿನ್ನೆ ಫೋನಿನಲ್ಲಿ ಕೇಳಿದೆ. ಆಗ ಮನೆ ತುಂಬ ಜನರಿದ್ದರು, ಮಾತು ಬೆಳೆಸಲಿಲ್ಲ. ರಾತ್ರಿಯೆಲ್ಲ ಅದನ್ನೇ ಯೋಚಿಸಿ ಈ ಕಾಗದ ಬರೆಯುತ್ತಿದ್ದೇನೆ. ರಿಪೋರ್ಟನ್ನು ಎಲ್ಲಿಯೂ ಬಚ್ಚಿಡಬೇಡ. ನಿಮ್ಮಪ್ಪನ, ಅಂದರೆ ನನ್ನ ತಮ್ಮನ, ಕೈಗೇ ಕೊಡು.

ಇದು ನಿನ್ನೊಬ್ಬಳ ನಿರ್ಧಾರವಲ್ಲ, ಗೊತ್ತು. ನಿಮ್ಮವ್ವ, ಬೆಂಗಳೂರಿನಲ್ಲಿರುವ ನಿನ್ನ ಅಣ್ಣ, ಎಲ್ಲರೂ ಕೂಡಿಯೇ ಹೀಗೆ ಮಾಡಿದ್ದೀರಿ. ಕ್ಯಾನ್ಸರ್ ಅಂದರೆ ಅವನು ಎದೆಗುಂದುತ್ತಾನೆ, ಊಟ ಬಿಡುತ್ತಾನೆ ಎಂಬ ಪ್ರೀತಿಯಿಂದ. ನಮ್ಮ ಕಡೆ ಹತ್ತರಲ್ಲಿ ಒಂಬತ್ತು ಮನೆಗಳು ಹೀಗೇ ಮಾಡುತ್ತವೆ. ಹುಬ್ಬಳ್ಳಿಯ ಮೂತ್ರರೋಗಗಳ ವಾರ್ಡಿನಲ್ಲಿ ನರ್ಸಾಗಿ ದುಡಿದ ಅಷ್ಟು ವರ್ಷವೂ ಅದನ್ನೇ ನೋಡಿದೆ. ಆದರೆ ತಮ್ಮನಿಗೆ ಬಂದಿರುವ ಈ ಒಂದು ಕ್ಯಾನ್ಸರಿನ ಸ್ವಭಾವವೇ ಬೇರೆ. ಅದನ್ನು ರೋಗಿಯಿಂದ ಮುಚ್ಚಿಟ್ಟು ಗೆಲ್ಲಲು ಆಗುವುದಿಲ್ಲ. ಯಾಕೆಂದು ಹೇಳುತ್ತೇನೆ.

ಮೊದಲು ಒಂದು ಮಾತು. ಫೋನಿನಲ್ಲಿ ‘ಕಿಡ್ನಿ ಕ್ಯಾನ್ಸರ್’ ಎಂದು ಹುಡುಕಿ ಓದುತ್ತಾ ಕೂರಬೇಡ. ಅದು ಕಿಡ್ನಿಯ ಮಾಂಸದಲ್ಲಿ ಹುಟ್ಟುವ ಬೇರೆಯೇ ಕಾಯಿಲೆ. ನಿನ್ನ ಕೈಯಲ್ಲಿರುವ ರಿಪೋರ್ಟಿನ ಹೆಸರು ‘ಅಪ್ಪರ್ ಟ್ರ್ಯಾಕ್ಟ್ ಯುರೋಥೀಲಿಯಲ್ ಕಾರ್ಸಿನೋಮ’. ಕಿಡ್ನಿಯೊಳಗೆ ಮೂತ್ರ ಬಂದು ಕೂಡುವ ಬಟ್ಟಲಿನಿಂದ ಹಿಡಿದು, ಮೂತ್ರನಾಳದುದ್ದಕ್ಕೂ, ಕೆಳಗೆ ಮೂತ್ರಕೋಶದವರೆಗೂ ಒಂದೇ ಜಾತಿಯ ಒಳಪದರ ಇರುತ್ತದೆ. ನಮ್ಮ ಗಂಗಾವತಿಗೆ ನೀರು ತರುವ ಎಡದಂಡೆ ಕಾಲುವೆಗೆ ತಲೆಯಿಂದ ಬಾಲದವರೆಗೆ ಒಂದೇ ಗಿಲಾಯಿ ಇದ್ದಂತೆ ಎಂದುಕೋ. ಈ ಪದರದ ಕ್ಯಾನ್ಸರ್ ಹೆಚ್ಚಾಗಿ ಏಳುವುದು ಮೂತ್ರಕೋಶದಲ್ಲಿ. ಮೇಲೆ, ಬಟ್ಟಲಿನಲ್ಲೋ ನಾಳದಲ್ಲೋ ಏಳುವುದು ನೂರಕ್ಕೆ ಐದರಿಂದ ಹತ್ತು ಮಾತ್ರ. ತಮ್ಮನದು ಆ ಅಪರೂಪದ್ದು. ಅದಕ್ಕೇ ನಿಮ್ಮ ಕುಷ್ಟಗಿಯಲ್ಲಿ ಯಾರೂ ಇದರ ಹೆಸರು ಕೇಳಿಲ್ಲ.

ಉಚ್ಚೆಯಲ್ಲಿ ರಕ್ತ ಬಂದಾಗ ನೋವಿರಲಿಲ್ಲ ಅಂದೆಯಲ್ಲ, ಈ ಕಾಯಿಲೆಯ ಮೋಸ ಅಲ್ಲೇ ಇದೆ. ಒಂದು ದಿನ ಕೆಂಪಗೆ ಹೋಗುತ್ತದೆ, ಆಮೇಲೆ ವಾರಗಟ್ಟಲೆ ತಿಳಿಯಾಗಿರುತ್ತದೆ. ಮೈಯಾಗ ಉಷ್ಣ ಆಗೈತಿ ಎಂದು ಹವೀಜದ ನೀರು, ಎಳನೀರು ಕುಡಿಸುತ್ತೇವೆ. ರಕ್ತ ತಾನಾಗಿ ನಿಂತದ್ದನ್ನು ಎಳನೀರಿನಿಂದ ನಿಂತಿತು ಎಂದುಕೊಳ್ಳುತ್ತೇವೆ. ಓಣಿಯಲ್ಲಿ ಯಾರಿಗಾದರೂ ನೋವಿಲ್ಲದೆ ಒಂದೇ ಒಂದು ಸಲ ರಕ್ತ ಹೋದರೂ ಪರೀಕ್ಷೆ ಮಾಡಿಸಲು ಹೇಳು. ನಿಮ್ಮ ಮನೆಯಿಂದ ಊರಿಗೆ ಆಗಬಹುದಾದ ಉಪಕಾರ ಅದು.

ಈಗ ಮುಚ್ಚಿಡುವ ಮಾತಿಗೆ ಬರುತ್ತೇನೆ. ಆಪರೇಶನ್ನಿನಲ್ಲಿ ಆ ಬದಿಯ ಕಿಡ್ನಿ, ಇಡೀ ಮೂತ್ರನಾಳ, ಅದು ಮೂತ್ರಕೋಶಕ್ಕೆ ಸೇರುವಲ್ಲಿನ ಸಣ್ಣ ತುಂಡು, ಎಲ್ಲವನ್ನೂ ತೆಗೆಯುತ್ತಾರೆ. ನಾಳದ ತುಂಡು ಉಳಿದರೆ ಅಲ್ಲೇ ಮತ್ತೆ ಬರುತ್ತದೆ ಎಂದು. ಕೆಲವರಿಗೆ, ಗೆಡ್ಡೆ ಸಣ್ಣದು, ಸೌಮ್ಯದ್ದು ಇದ್ದರೆ, ಕಿಡ್ನಿ ಉಳಿಸಿ ಚಿಕಿತ್ಸೆ ಮಾಡುವುದುಂಟು. ತಮ್ಮನದು ‘ಹೈ ಗ್ರೇಡ್’ ಎಂದು ಬರೆದಿರುವುದರಿಂದ ಆ ದಾರಿ ಅವನಿಗೆ ಇರಲಾರದು. ಆದರೆ ಕಿಡ್ನಿ ಹೋದ ಮೇಲೂ ಮೂತ್ರಕೋಶದಲ್ಲಿ ಅದೇ ಒಳಪದರ ಉಳಿದಿರುತ್ತದೆ. ಆಪರೇಶನ್ ಆದ ನೂರು ಜನರಲ್ಲಿ 22ರಿಂದ 47 ಜನರಿಗೆ ಮುಂದೆ ಮೂತ್ರಕೋಶದಲ್ಲಿ ಕಾಣಿಸಿಕೊಳ್ಳುತ್ತದೆ. ಬೇಗ ಸಿಕ್ಕರೆ ಬಹಳ ಸಲ ದುರ್ಬೀನು ಹಾಕಿ, ಹೊಟ್ಟೆ ಕೊಯ್ಯದೆಯೇ ಕೆರೆದು ತೆಗೆಯುತ್ತಾರೆ. ಅದಕ್ಕಾಗಿ ಮೊದಲ ಎರಡು ವರ್ಷ ಮೂರು ಮೂರು ತಿಂಗಳಿಗೆ, ಐದು ವರ್ಷದವರೆಗೆ ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಸಿಸ್ಟೋಸ್ಕೋಪಿಗೆ, ಅಂದರೆ ದುರ್ಬೀನಿನಿಂದ ಮೂತ್ರಕೋಶ ನೋಡುವ ಪರೀಕ್ಷೆಗೆ, ಹೋಗಬೇಕು. ಹರಳು ತೆಗೆಸಿಕೊಂಡೆ ಎಂದು ನಂಬಿದವನು, ಮೈಯಲ್ಲಿ ಏನೂ ತೊಂದರೆ ಇಲ್ಲದಾಗ, ಮೂತ್ರದ ದಾರಿಯಲ್ಲಿ ಕೊಳವೆ ಹಾಕಿಸಿಕೊಳ್ಳಲು ಮೂರು ತಿಂಗಳಿಗೊಮ್ಮೆ ಯಾಕೆ ಹೋಗುತ್ತಾನೆ ಹೇಳು? ಬಿತ್ತನೆ ಇದೆ, ರಾಶಿ ಇದೆ, ಮುಂದಿನ ತಿಂಗಳು ನೋಡೋಣ ಎನ್ನುತ್ತಾನೆ. ಹಾಗೆ ಅಂದುಕೊಂಡು ವರ್ಷಗಟ್ಟಲೆ ಬಾರದೆ ಉಳಿದ ಒಬ್ಬರು ಕೊನೆಗೆ ಮೂತ್ರಕೋಶ ತುಂಬ ಗೆಡ್ಡೆ ಹೊತ್ತು ಬಂದದ್ದನ್ನು ನಾನೇ ನೋಡಿದ್ದೇನೆ. “ನನಗ ಯಾರೂ ಹೇಳ್ಲಿಲ್ಲಲ್ರಿ” ಎಂದು ಅವರು ಹೆಂಡತಿಯ ಮುಖ ನೋಡಿದರು. ಆ ಹೆಣ್ಣುಮಗಳು ಅನುಭವಿಸಿದ್ದನ್ನು ನಿಮ್ಮವ್ವ ಅನುಭವಿಸುವುದು ನನಗೆ ಬೇಡ.

ತಮ್ಮನ ಬೀಡಿಯದೂ ಹಾಗೆಯೇ. ಹೊಗೆಯ ವಿಷವನ್ನು ಕಿಡ್ನಿ ಸೋಸಿ ಮೂತ್ರಕ್ಕೆ ಬಿಡುತ್ತದೆ. ಅದು ಆ ಪದರಕ್ಕೆ ತಾಗುತ್ತಲೇ ಇರುತ್ತದೆ. ಹರಳಿಗಾಗಿ ನಲವತ್ತು ವರ್ಷದ ಬೀಡಿಯನ್ನು ಯಾವ ಗಂಡಸೂ ಬಿಡುವುದಿಲ್ಲ. ಒಂದೇ ಕಿಡ್ನಿ ಉಳಿದ ಮೇಲೆ ಮೈಕೈ ನೋವಿಗೆ ಅಂಗಡಿಯಿಂದ ಗುಳಿಗೆ ತಂದು ನುಂಗುವುದೂ ನಿಲ್ಲಬೇಕು. ನಾಟಿ ಔಷಧಿ ಕೊಡಿಸಲು ಯಾರಾದರೂ ಹೊರಟರೆ ಈಶ್ವರಿ ಬಳ್ಳಿ ಬೇಡವೇ ಬೇಡ ಎಂದು ಹೇಳು. ಹಾವಿನ ವಿಷಕ್ಕೆಂದು ನಮ್ಮ ಹಿರಿಯರು ನಂಬಿದ್ದ ಬಳ್ಳಿ ಅದು. ಅದರ ಕುಲದ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಕೆಡಿಸಿ ಇದೇ ಜಾಗದ ಕ್ಯಾನ್ಸರ್ ತರುತ್ತದೆ. ಯುರೋಪಿನ ಬಾಲ್ಕನ್ ನಾಡಿನಲ್ಲಿ ಡ್ಯಾನ್ಯೂಬ್ ನದಿಯ ಉಪನದಿಗಳ ದಂಡೆಯ ಹಳ್ಳಿಗಳಲ್ಲಿ ಹಲವು ಮನೆಗಳಲ್ಲಿ ಈ ಕಾಯಿಲೆ ಇತ್ತು. ಗೋಧಿ ಹೊಲದ ಕಳೆಯಾಗಿ ಬೆಳೆದ ಆ ಕುಲದ ಒಂದು ಗಿಡದ ಬೀಜ ಹಿಟ್ಟಿನಲ್ಲಿ ಸೇರುತ್ತಿದ್ದದ್ದೇ ಕಾರಣವೆಂದು ಕೊನೆಗೆ ತಿಳಿಯಿತು. ಆ ಕುಲದ ಗಿಡಗಳ ಔಷಧಿಯನ್ನು 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಖಚಿತವಾಗಿ ಕ್ಯಾನ್ಸರ್ ತರುವವುಗಳ ಪಟ್ಟಿಗೆ ಸೇರಿಸಿತು.

ಇನ್ನೊಂದು ವಿಷಯ. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಡಾಕ್ಟರು ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತಾರೆ, ಕೇಳದಿದ್ದರೆ ನೀನೇ ಎತ್ತು: ಮನೆತನದಲ್ಲಿ ಯಾರಿಗಾದರೂ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಇತ್ತೇ? ಲಿಂಚ್ ಸಿಂಡ್ರೋಮ್ ಎಂಬ ವಂಶದ ದೋಷವೊಂದಿದೆ. ಅದಿರುವ ಮನೆಗಳಲ್ಲಿ ಕರುಳು, ಗರ್ಭಕೋಶ, ಜೊತೆಗೆ ಈ ಮೂತ್ರನಾಳದ ಕ್ಯಾನ್ಸರ್ ಹೆಚ್ಚು. ಅರವತ್ತು ತುಂಬುವ ಮೊದಲೇ ಈ ಕಾಯಿಲೆ ಬಂದವರಲ್ಲಿ ಅದನ್ನು ನೋಡಬೇಕು. ತಮ್ಮನಿಗೆ ಇನ್ನೂ ಐವತ್ತೇಳು. ನಿಮ್ಮಜ್ಜಿ, ನನ್ನವ್ವ, ಹೋದಾಗ ನಾನು ಶಾಲೆಗೆ ಹೋಗುವ ಹುಡುಗಿ. “ಹೊಟ್ಟಿಬ್ಯಾನಿ” ಅಂದರು. ಅವಳಿಗೂ ಯಾರೂ ಹೇಳಲಿಲ್ಲ, ನಮಗೂ ಹೇಳಲಿಲ್ಲ. ಅವಳನ್ನು ಸುಡುತ್ತಿದ್ದದ್ದು ಕರುಳೋ, ಗರ್ಭಕೋಶವೋ, ಇಂದಿಗೂ ನನಗೆ ಗೊತ್ತಿಲ್ಲ. ಅಂದು ಪ್ರೀತಿಯಿಂದ ಮುಚ್ಚಿಟ್ಟ ಆ ಒಂದು ಹೆಸರು ಇಂದು ಅವಳ ಮಗನ ಚಿಕಿತ್ಸೆಗೆ ಬೇಕಾಗಿದೆ. ದೋಷ ಅವಳಿಂದ ಬಂದಿದ್ದರೆ ನನಗೂ ಇರಬಹುದು. ತಮ್ಮನಿಗಿದ್ದರೆ ನಿನಗೆ, ನಿನ್ನ ಅಣ್ಣನಿಗೆ ಅರ್ಧಕ್ಕರ್ಧ ಸಾಧ್ಯತೆ. ಹೆದರಬೇಡ. ಇದೆ ಎಂದು ತಿಳಿದವರು ಕಾಲಕಾಲಕ್ಕೆ ಕರುಳಿನ ಪರೀಕ್ಷೆ ಮಾಡಿಸಿಕೊಂಡರೆ ಕರುಳಿನ ಕ್ಯಾನ್ಸರನ್ನು ಬಹಳ ಸಲ ಆಗುವ ಮೊದಲೇ ತಡೆಯಬಹುದು. ತಿಳಿಯಬೇಕು, ಅಷ್ಟೇ.

ಹೇಗೆ ಹೇಳಲಿ ಎಂದು ಕೇಳುತ್ತೀ. ಜನ ಇಲ್ಲದ ಹೊತ್ತಿನಲ್ಲಿ, ಅವನು ಉಂಡ ಮೇಲೆ, ಹತ್ತಿರ ಕೂತು ಹೇಳು. “ಅಪ್ಪಾ, ಅದು ಹರಳಲ್ಲ. ಕಿಡ್ನಿಯೊಳಗ ಗಂಟಾಗೈತಿ, ಕ್ಯಾನ್ಸರ್ ಐತಿ. ಬ್ಯಾರೆ ಕಡೆ ಹೋದಂಗ ಕಾಣೂದಿಲ್ಲ ಅಂದಾರ. ಆ ಕಿಡ್ನಿ ತಗೀತಾರ, ಇನ್ನೊಂದು ಚಲೋ ಐತಿ.” ಇಷ್ಟು ಹೇಳಿ ಸುಮ್ಮನಿರು. ಅವನು ಎದ್ದು ಹೊಲದ ಕಡೆ ಹೋದರೆ ಹೋಗಲಿ. ಅತ್ತರೆ ಅಳಲಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ಪೂರಾ ಗುಣ ಆಗುತ್ತದೆ ಎಂದು ಆಣೆ ಮಾಡಬೇಡ. ನನ್ನ ಅನುಭವ ಹೇಳುತ್ತೇನೆ: ಬಹಳಷ್ಟು ರೋಗಿಗಳಿಗೆ ಮೊದಲೇ ಅನುಮಾನ ಇರುತ್ತದೆ. ಮನೆಯವರ ಪಿಸುಮಾತು ಕೇಳುತ್ತಾ ಒಬ್ಬರೇ ಹೆದರಿಕೊಂಡು ಮಲಗಿರುತ್ತಾರೆ. ತಮ್ಮನೂ ಹಾಗೆ ಮಲಗಿದ್ದಾನೆ ಎಂದು ನನಗನ್ನಿಸುತ್ತದೆ.

ಕಿಮೋ ಕೊಡಬೇಕಾಗಬಹುದು. ಬ್ರಿಟನ್ನಿನ ಪೌಟ್ ಎಂಬ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಆಪರೇಶನ್ ಆಗಿ 90 ದಿನದೊಳಗೆ ಕಿಮೋ ಶುರು ಮಾಡಿದವರಲ್ಲಿ ಕಾಯಿಲೆ ಮರಳುವುದು ಕಡಿಮೆಯಾಯಿತು ಎಂದು ಅದು ತೋರಿಸಿತು. ಆದರೆ ಮುಖ್ಯ ಔಷಧಿಯಾದ ಸಿಸ್‌ಪ್ಲಾಟಿನ್‌ಗೆ ಕಿಡ್ನಿ ಗಟ್ಟಿ ಇರಬೇಕು. ಒಂದು ಕಿಡ್ನಿ ಹೋದ ಮೇಲೆ ಕೆಲವರಿಗೆ ಅದು ತಡೆಯುವುದಿಲ್ಲ. ಆದ್ದರಿಂದ ಕಿಮೋ ಮೊದಲೋ ಆಮೇಲೋ ಎಂದು ಆಪರೇಶನ್ನಿಗೆ ಮುಂಚೆಯೇ ಕೇಳಿ. ಮೂತ್ರರೋಗದ ಸರ್ಜನ್ ಮತ್ತು ಕ್ಯಾನ್ಸರ್ ವೈದ್ಯರು ಇಬ್ಬರೂ ಒಟ್ಟಿಗೆ ನೋಡಲಿ.

ದುಡ್ಡಿಗೆ ಎತ್ತು ಮಾರುವ ಮಾತು ಆಡಬೇಡಿ. ನಿಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ ತೋರಿಸಿ, ರೆಫರಲ್ ಚೀಟಿ ಬರೆಸಿಕೊಂಡೇ ಮುಂದೆ ಹೊರಡಿ. ಆ ಚೀಟಿ ಇಲ್ಲದೆ ಹೋದವರು ಅಲೆದಾಡುವುದನ್ನು ನೋಡಿದ್ದೇನೆ. ಹುಬ್ಬಳ್ಳಿಯಲ್ಲಿ ಸರ್ಕಾರಿ ಆಸ್ಪತ್ರೆಯಿದೆ, ಅಲ್ಲಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಬೆಂಗಳೂರು ಎನ್ನುವುದಾದರೆ ಕಿದ್ವಾಯಿ ಇದೆ. ನಾನು ಹುಬ್ಬಳ್ಳಿ ಎನ್ನುತ್ತೇನೆ. ಮೂರು ತಿಂಗಳಿಗೊಮ್ಮೆ ಹೋಗಿಬರಬೇಕಾದ ಕಾಯಿಲೆಗೆ ಹತ್ತಿರದ ಊರೇ ಒಳ್ಳೆಯದು, ಮತ್ತು 2025ರ ಮೇ ತಿಂಗಳಿಂದ ಕುಷ್ಟಗಿಯಿಂದಲೇ ಹುಬ್ಬಳ್ಳಿಗೆ ರೈಲಿದೆ. ಕ್ಯಾನ್ಸರ್ ರೋಗಿಗೆ, ಜೊತೆಗೆ ಹೋಗುವ ಒಬ್ಬರಿಗೆ, ಸೆಕೆಂಡ್ ಕ್ಲಾಸಿನಲ್ಲಿ ನೂರಕ್ಕೆ 75 ರಿಯಾಯಿತಿ ಇದೆ. ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲಿ ಪ್ರಮಾಣಪತ್ರ ಕೇಳಿ ಪಡೆ.

ನಿಮ್ಮವ್ವನನ್ನು ಮರೆಯಬೇಡ. ಗವಿಮಠಕ್ಕೆ ಹರಕೆ ಹೊತ್ತು ಒಂದೊತ್ತು ಉಪವಾಸ ಹಿಡಿದಿದ್ದಾಳೆ ಅಂದೆ. ಹರಕೆ ಇರಲಿ, ಅವಳಿಗೆ ಅದರಿಂದ ಬಲ ಬರುತ್ತದೆ. ಆದರೆ ಆಸ್ಪತ್ರೆಯಲ್ಲಿ ಹಗಲು ರಾತ್ರಿ ಕೂರಬೇಕಾದವಳು ಅವಳೇ, ಎರಡು ಹೊತ್ತು ಉಣ್ಣಲೇಬೇಕು. ತಾಟು, ವಾಟಗ ಬೇರೆ ಇಡಿ ಎಂದು ಯಾರಾದರೂ ಅಂದರೆ, ಇದು ಅಂಟುವ ಬ್ಯಾನಿ ಅಲ್ಲ ಎಂದು ನೀನೇ ಗಟ್ಟಿಯಾಗಿ ಹೇಳು.

ಯಲಬುರ್ಗಾದಲ್ಲಿ ನಮ್ಮ ಸೋದರಮಾವ ಇನ್ನೂ ಇದ್ದಾನೆ. ಅವ್ವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವನು ಅವನೇ. ಕಿವಿ ಮಂದವಾಗಿದೆ, ನೆನಪು ಚೆನ್ನಾಗಿದೆ. ಭಾನುವಾರ ನಾನೇ ಹೋಗಿ ಕೇಳುತ್ತೇನೆ, ಹಳೆಯ ಕಾಗದ ಏನಾದರೂ ಇದ್ದರೆ ತರುತ್ತೇನೆ. ಅಷ್ಟರೊಳಗೆ ನೀನು ತಮ್ಮನಿಗೆ ಹೇಳಿರು. ಸೋಮವಾರ ಅಲ್ಲಿಂದ ನೇರ ನಿಮ್ಮ ಮನೆಗೇ ಬರುತ್ತೇನೆ. ಅವನು ನನ್ನ ಮೇಲೆ ಸಿಟ್ಟಾಗುವುದಿದ್ದರೆ ಎದುರಿಗೇ ಆಗಲಿ.

ನಿನ್ನ
ಅತ್ತಿ