ಅರ್ಧ ಬ್ಲೇಡು

ಹೋದ ದೀಪಾವಳಿಗೆ ಊರಿಗೆ ಹೊರಟಿದ್ದೆ. ಊರು ಅಂದ್ರೆ ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು. ಗಡ್ಡ ಬಿಟ್ಕೊಂಡು ಹೋದ್ರೆ ಅಮ್ಮ ಬೈತಾಳೆ ಅಂತ ದಾರಿಯಲ್ಲೇ ಒಂದು ಕಟಿಂಗ್ ಶಾಪಿಗೆ ನುಗ್ಗಿದೆ. ನನಗಿಂತ ಮುಂಚೆ ಕುರ್ಚಿಯಲ್ಲಿದ್ದವರು ಎದ್ದು ಹೋದ್ರು. ನನ್ನ ಸರದಿ. ಕೆನ್ನೆ ಹತ್ತಿರ ಸಣ್ಣಗೆ ಕುಯ್ತು, ಪಟಿಕ ಉಜ್ಜಿಸಿಕೊಂಡು ಎದ್ದೆ. ಆಗ ಬೆಂಚಿನ ಮೇಲಿದ್ದವನೊಬ್ಬ ಕಿವಿಯಲ್ಲಿ ಹೇಳಿದ: "ಈಗ ಹೋದ್ರಲ್ಲ, ಅವ್ರಿಗೆ ಏಡ್ಸ್ ಅಂತೆ."

ಬ್ಲೇಡ್ ಬದಲಾಯಿಸಿದ್ರಾ? ನಾನು ಮೊಬೈಲ್ ನೋಡ್ತಾ ಕೂತಿದ್ದೆ. ಕೇಳೋಕೂ ನಾಚಿಕೆ!

ಹಬ್ಬ ಹೇಗೆ ಮುಗೀತೋ ಗೊತ್ತಿಲ್ಲ. ರಾತ್ರಿಯೆಲ್ಲ ಗೂಗಲ್. 'ಅವರಿಗೆ ಶೇವ್ ಮಾಡಬೇಡಿ ಅಂತ ಅಂಗಡಿಯವರಿಗೆ ಹೇಳೋ' ಅಂತ ಗೆಳೆಯನಿಗೆ ಮೆಸೇಜ್ ಕೂಡ ಟೈಪ್ ಮಾಡಿದ್ದೆ. ಯಾಕೋ ಕಳಿಸಲಿಲ್ಲ.

ಐದನೇ ದಿನ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯೊಂದರ ಐಸಿಟಿಸಿಗೆ ಹೋದೆ. ಅಲ್ಲಿ ಎಚ್ಐವಿ ಪರೀಕ್ಷೆ ಉಚಿತ, ಹೆಸರು ಗುಟ್ಟಾಗಿರುತ್ತೆ. ಕೌನ್ಸೆಲರ್ ಮೇಡಂ ನಗಲಿಲ್ಲ, ಬೈಯಲೂ ಇಲ್ಲ. ಸೋಂಕಿತರ ರಕ್ತವಿರೋ ಸೂಜಿ ಚುಚ್ಚಿದರೂ ಸಾವಿರದಲ್ಲಿ ಸುಮಾರು 3 ಸಲ ಮಾತ್ರ ಎಚ್ಐವಿ ಹರಡುತ್ತಂತೆ. ಬ್ಲೇಡಿಗೆ ಸೂಜಿಯ ಹಾಗೆ ರಕ್ತ ಹಿಡಿದಿಡೋ ಟೊಳ್ಳಿಲ್ಲ, ಮೈಯಿಂದ ಹೊರಗೆ ಬಂದು ಒಣಗಿದ ಮೇಲೆ ಈ ವೈರಸ್ಸಿನ ಶಕ್ತಿ ಬೇಗ ಕುಗ್ಗುತ್ತೆ. ಹಾಗಾಗಿ ಅಪಾಯ ಇನ್ನೂ ಎಷ್ಟೋ ಕಡಿಮೆ. ನಿಜವಾಗಿ ಅಪಾಯ ಇದ್ದಾಗ 72 ಗಂಟೆಯೊಳಗೆ ಹೋದರೆ 28 ದಿನದ ಮಾತ್ರೆ ಕೊಡ್ತಾರೆ. ಅಂದ್ರೆ ನನಗೆ ಅದು ಬೇಕಾಗಿದ್ದಿದ್ದರೆ, ಗೂಗಲ್ ಮಾಡ್ತಾ ಕೂತೇ ಸಮಯ ಕಳೆದಿದ್ದೆ!

ಆಮೇಲೆ ಅವರು ಕೇಳಿದ್ದು ಬೇರೇನೇ. "ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದೀರಾ?" ಅದರ ವೈರಸ್ ಒಣಗಿದ ರಕ್ತದಲ್ಲೂ 7 ದಿನ ಬದುಕಿರಬಲ್ಲದು. ಬ್ಲೇಡಿಗೆ ಹೆದರಬೇಕಾದ್ದು ಅದಕ್ಕೆ. ನಾನು ಹಾಕಿಸಿರಲಿಲ್ಲ. ಇಂಜಿನಿಯರ್ ಅಂತ ಹೆಸರಿಗೆ!

ಇನ್ನು ಹಳೇ ಸಿರಿಂಜ್. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಂಗಾರಮಾವ್‌ನಲ್ಲಿ 40ಕ್ಕೂ ಹೆಚ್ಚು ಜನಕ್ಕೆ ಎಚ್ಐವಿ ಇರೋದು ಗೊತ್ತಾಯ್ತು. ನಕಲಿ ವೈದ್ಯನೊಬ್ಬ ಒಂದೇ ಸಿರಿಂಜನ್ನು ಮತ್ತೆ ಮತ್ತೆ ಬಳಸಿದ್ದ ಅನ್ನೋದು ಆರೋಪ. ಅಲ್ಲಿ ಚುಚ್ಚಿಸಿಕೊಂಡವರು ಯಾರೂ 'ಹೊಸ ಸೂಜಿ ತಾನೆ?' ಅಂತ ಕೇಳಿರಲಿಕ್ಕಿಲ್ಲ, ನನ್ನ ಹಾಗೇ.

ಮೂರು ತಿಂಗಳಾದ ಮೇಲೆ ಮಾಡಿಸಿದ ಟೆಸ್ಟೂ ನೆಗೆಟಿವ್ ಬಂತು. ಯುಗಾದಿಗೆ ಅದೇ ಅಂಗಡಿಗೆ ಹೋಗಿ, ಎಲ್ಲರಿಗೂ ಕೇಳೋ ಹಾಗೆ "ಅಣ್ಣಾ, ಹೊಸ ಬ್ಲೇಡ್ ತಾನೆ?" ಅಂದೆ. ಅವರು ಕಾಗದ ಬಿಚ್ಚಿ ಬ್ಲೇಡನ್ನು ಲಟಕ್ಕನೆ ಎರಡು ತುಂಡು ಮಾಡಿದ್ರು.

"ನಾ ಯಾವತ್ತೂ ಹಳೇದು ಹಾಕಕಿಲ್ಲ ಕಣಪ್ಪ. ಒಬ್ರಿಗೆ ಅರ್ಧ, ಇನ್ನೊಬ್ರಿಗೆ ಅರ್ಧ."

ಆವತ್ತೇ ಕೇಳಿದ್ದರೆ! ಅವರಿಗೆ ಕಾಯಿಲೆ ಇದೆಯೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗಬೇಕಾಗೂ ಇಲ್ಲ. ಎಲ್ಲರಿಗೂ ಹೊಸ ಬ್ಲೇಡ್ ಹಾಕಿದ್ರೆ ಯಾರನ್ನೂ ಕುರ್ಚಿಯಿಂದ ಎಬ್ಬಿಸಬೇಕಾಗಿಲ್ಲ. ಆ ಮೆಸೇಜ್ ಕಳಿಸಿದ್ದಿದ್ದರೆ ಒಬ್ಬ ಮನುಷ್ಯ ಗಡ್ಡ ಮಾಡಿಸೋಕೂ ಊರೂರು ಅಲೀಬೇಕಿತ್ತು.

ನೀವೂ ಬಾಯಿಬಿಟ್ಟು ಕೇಳಿ. ಅನುಮಾನ ಇದ್ರೆ ಗೂಗಲ್ ಬಿಟ್ಟು 1097ಕ್ಕೆ ಫೋನ್ ಮಾಡಿ, ದುಡ್ಡಿಲ್ಲ. ನನ್ನ ಲಸಿಕೆಯ ಮೂರನೇ ಡೋಸ್ ಇನ್ನೂ ಬಾಕಿ ಇದೆ...