ಬೇಲಿ ಮೂಲೆಯ ಧಾತಕಿ

ಹಿರಿಯೂರು
ಜೂನ್ 19, 2022
ನರ್ಸರಿಯಿಂದ ಧಾತಕಿ ಸಸಿ ತಂದೆ. ಮೊಣಕಾಲುದ್ದ. ಬೇಲಿ ಮೂಲೆಯ ಗರಸಿನಲ್ಲಿ ನೆಟ್ಟೆ. ಅಲ್ಲಿ ಬೇರೇನೂ ಬರುವುದಿಲ್ಲ. ಅತ್ತೆ ನೋಡಿ, "ಇದು ದೇವ್ರಿಗೆ ಏರುತ್ತೇನಮ್ಮ?" ಅಂದರು. ಗೊತ್ತಿಲ್ಲ ಅಂದೆ. "ಮತ್ಯಾಕೆ ತಂದೆ?" ಬಿರುಬೇಸಿಗೆಯಲ್ಲಿ ಗುಡ್ಡದ ಬಂಡೆ ಸಂದಿಯಲ್ಲಿ ಕೆಂಪಗೆ ನಿಂತಿದ್ದು ನೋಡಿದ್ದೆ, ಅಷ್ಟೆ. ಹೇಳಲಿಲ್ಲ.

ಸೆಪ್ಟೆಂಬರ್ 4
ಮಾರಿಕಣಿವೆ ಜಲಾಶಯ ಕೋಡಿ ಬಿದ್ದಿದೆ. 1933 ಬಿಟ್ಟರೆ ಈಗಲೇ. ಊರೆಲ್ಲ ಅಲ್ಲೇ. ನಾವೂ ಹೋಗಿದ್ದೆವು, ಅತ್ತೆ ನೀರಿಗೆ ಅರಿಶಿನ ಕುಂಕುಮ ಹಾಕಿ ಕೈಮುಗಿದರು. ಮನೆಗೆ ಬಂದು ನೋಡಿದರೆ ಧಾತಕಿ ಬುಡದಲ್ಲಿ ನೀರು ನಿಂತಿದೆ, ಎಲೆ ಹಳದಿ. ಊರಿಗೆಲ್ಲ ಹಬ್ಬ, ಇದಕ್ಕೆ ಸೂತಕ.

ಸೆಪ್ಟೆಂಬರ್ 11
ಗುದ್ದಲಿ ಹಿಡಿದು ಬುಡದಿಂದ ಮೋರಿವರೆಗೆ ಸಣ್ಣ ಕಾಲುವೆ ತೆಗೆದೆ. ಉಳಿಯುತ್ತೋ ಇಲ್ಲವೋ. ಬೆನ್ನು ನೋವು.

ಮಾರ್ಚ್ 22, 2023. ಯುಗಾದಿ
ಉಳಿದಿದೆ. ಹೂವಿಲ್ಲ. ಎಲೆ ತಿರುವಿದರೆ ಅಡಿಯಲ್ಲಿ ಕಪ್ಪು ಚುಕ್ಕಿ. ರೋಗವೇನೋ ಎಂದು ಆಯುರ್ವೇದ ಪಂಡಿತರಿಗೆ ತೋರಿಸಿದೆ. "ಅದೇ ಅದರ ಗುರುತು ಕಣಮ್ಮ" ಎಂದು ನಕ್ಕರು. ಅರಿಷ್ಟ, ಆಸವ ಹುದುಗಲು ಇದರ ಹೂ ಹಾಕುತ್ತಾರಂತೆ. ಹೂ ಬಿಟ್ಟರೆ ಒಣಗಿಸಿ ಕೊಡು ಅಂದರು. ಆಗಲಿ ಅಂದೆ. ಬಿಟ್ಟರೆ ತಾನೆ!

ಸೆಪ್ಟೆಂಬರ್ 14
195 ತಾಲ್ಲೂಕು ಬರಪೀಡಿತ ಎಂದು ಸರ್ಕಾರ ಘೋಷಿಸಿದೆ. ನಮ್ಮದೂ ಇದೆ. ಕಣಿವೆಯಲ್ಲಿ ನೀರಿದೆ, ನಮ್ಮ ಬೋರಿನಲ್ಲಿಲ್ಲ. ಪಾತ್ರೆ ತೊಳೆದ ನೀರೆಲ್ಲ ಅತ್ತೆಯ ದಾಸವಾಳಕ್ಕೆ. ಪೂಜೆಗೆ ಬೇಕಲ್ಲ. ಮೂಲೆಗೆ ಏನೂ ಉಳಿಯುವುದಿಲ್ಲ.

ಡಿಸೆಂಬರ್ 3, ರಾತ್ರಿ
ಟ್ಯಾಂಕರ್ ಬರಲಿಲ್ಲ. ದಾಸವಾಳದ ಮೊಗ್ಗು ಅರಳದೆ ಉದುರುತ್ತಿವೆ. ಇವರು ಸಾಲದ ಲೆಕ್ಕ ಬರೆಯುತ್ತ ಕೂತಿದ್ದಾರೆ. ಗಿಡದ ಮಾತೆತ್ತಲು ನಾಚಿಕೆ.

ಫೆಬ್ರವರಿ 2, 2024
ಧಾತಕಿಯ ಅರ್ಧ ಎಲೆ ಉದುರಿದೆ. ಉಗುರಿನಿಂದ ಕಡ್ಡಿ ಕೆರೆದೆ, ಒಳಗೆ ಹಸಿರು. ಗಿಣ್ಣಿನಲ್ಲಿ ಏನೋ ಕೆಂಪು ಕಂಡ ಹಾಗಾಯಿತು. ಭ್ರಮೆಯೋ ಏನೋ.

ಫೆಬ್ರವರಿ 17
ಭ್ರಮೆಯಲ್ಲ. ಕೊಂಬೆಯುದ್ದಕ್ಕೂ ಕೆಂಪೋ ಕೆಂಪು. ಒಂದು ಹೂ ಕಿತ್ತು ಬಿಡಿಸಿದೆ. ತುಸು ಬಾಗಿದ ಸಣ್ಣ ಕೊಳವೆ. ಕೆಂಪೆಲ್ಲ ಪುಷ್ಪಪಾತ್ರೆಯದು, ದಳ ಇದ್ದೂ ಇಲ್ಲದಷ್ಟು. 12 ಕೇಸರ ಹೊರಕ್ಕೆ ಚಾಚಿವೆ. ಬುಡ ಹೀರಿದರೆ ಸಿಹಿ.

ಫೆಬ್ರವರಿ 18, ಬೆಳಿಗ್ಗೆ 7
ಸೂರಕ್ಕಿ ಜೋಡಿ. ತಲೆಕೆಳಗಾಗಿ ಜೋತು ಹೂವಿಗೆ ಕೊಕ್ಕು ತೂರಿಸುತ್ತವೆ. ಬಿಸಿಲೇರಿದ ಮೇಲೆ ಕೋಲುಜೇನು. ಸುತ್ತ ಹೊಲದಲ್ಲಿ ಒಂದು ಹೂವಿಲ್ಲ. ಇಷ್ಟು ದಿನ ಇವು ಏನು ತಿಂದು ಬದುಕಿದವು? ಇವತ್ತು ಅಡುಗೆ ತಡವಾಯಿತು.

ಮಾರ್ಚ್ 9. ಶಿವರಾತ್ರಿ ಮರುದಿನ
ನಿನ್ನೆ ಪೂಜೆಗೆ ದಾಸವಾಳ ಇರಲಿಲ್ಲ. ಅತ್ತೆ ನನ್ನನ್ನು ಕೇಳದೆ ಒಂದು ಹಿಡಿ ಧಾತಕಿ ಕಿತ್ತು ಲಿಂಗಕ್ಕೆ ಏರಿಸಿದ್ದರು. ನಾನೂ ಏನೂ ಅನ್ನಲಿಲ್ಲ. ಮಧ್ಯಾಹ್ನ ಪಂಡಿತರ ಫೋನು. ಕಿತ್ತು ಕೊಟ್ಟರೆ ಹಕ್ಕಿಗಿಲ್ಲ. ಕೊಡದಿದ್ದರೆ ಮಾತು ತಪ್ಪಿದ ಹಾಗೆ. ನೋಡೋಣ ಅಂದೆ.

ಏಪ್ರಿಲ್ 10
ಹೂ ಒಣಗಿದೆ, ಕಾಯಿ ಅದರೊಳಗೇ ಕೂತಿದೆ. ಒಡೆದರೆ ಬೀಜ ನಶ್ಯದ ಪುಡಿಯಂತೆ. ಅತ್ತೆ ಒಂದಿಷ್ಟು ಕಾಗದದಲ್ಲಿ ಕಟ್ಟಿಟ್ಟಿದ್ದಾರೆ, ಮಳೆ ಹಿಡಿದ ಮೇಲೆ ದಾಸವಾಳದ ಜಾಗದಲ್ಲಿ ಹಾಕಲು. ದಾಸವಾಳ ಪೂರ್ತಿ ಒಣಗಿಹೋಗಿದೆ. ಆದರೆ ಆ ಜಾಗ ತಗ್ಗು, ಮಳೆ ಬಂದರೆ ನೀರು ನಿಲ್ಲುತ್ತದೆ. ನಾಳೆ ಹೇಳಬೇಕು. ಇದಕ್ಕೆ ಗರಸೇ ಸರಿ.