ಒಂದು ಕೈ ಸೋಡಿಯಂ, ಎರಡು ಕೈ ಕ್ಯಾಲ್ಸಿಯಂ

ಹೋದ ವಾರ ನಮ್ಮ ಸವಳು ತುಂಡಿನ ಫೋಟೋ ಹಾಕಿದಾಗ "ಜಿಪ್ಸಂ ಹಾಕ್ರಿ" ಅಂತ ಬಹಳ ಮಂದಿ ಬರೆದ್ರಿ. ಎರಡು ವರ್ಷದ ಹಿಂದನೇ ಹಾಕೀನ್ರಿ. ರೊಕ್ಕ ಹೋತು, ಭತ್ತ ಬರ್ಲಿಲ್ಲ. ಅಪ್ಪ "ಈ ಹೊಲ ಸತ್ತದ, ಬಿಡು" ಅಂದುಬಿಟ್ಟ. ಎಲ್ಲಿ ತಪ್ಪಿದೆ ಅನ್ನೋದು ಮೊನ್ನೆ ಒಂಬತ್ತನೇತ್ತ ಓದೋ ಮಗಳ ಪಾಠ ಕೇಳುವಾಗ ತಿಳೀತು.

ಆಕಿ ಹಾಳಿ ಮ್ಯಾಲ ಉಂಗುರ ಬರೀತಿದ್ಲು. ಸೋಡಿಯಂಗೆ 11 ಎಲೆಕ್ಟ್ರಾನ್: ಒಳಗಿನ ಉಂಗುರದಾಗ 2, ನಡುವ 8, ಹೊರಗ 1. ಕ್ಯಾಲ್ಸಿಯಂಗೆ 20: 2, 8, 8, ಹೊರಗ 2. "ಹೊರಗಿನ ಉಂಗುರದಾಗ ಎಷ್ಟವ ಅನ್ನೋದರ ಮ್ಯಾಲ ಗುಣ ಇರ್ತದಪ್ಪಾ. ಸೋಡಿಯಂ ಆ ಒಂದನ್ನ ಕೊಟ್ಟುಬಿಡ್ತದ, ಕ್ಯಾಲ್ಸಿಯಂ ಎರಡನ್ನ ಕೊಡ್ತದ" ಅಂದ್ಲು. ಎಲೆಕ್ಟ್ರಾನ್ ಅಂದ್ರ ಋಣ ವಿದ್ಯುತ್. ಅದನ್ನ ಕೊಟ್ಟ ಮ್ಯಾಲ ಉಳಿಯೋದು ಧನ. ಹಂಗಾಗಿ ಸೋಡಿಯಂಗೆ ಒಂದು ಧನ, ಕ್ಯಾಲ್ಸಿಯಂಗೆ ಎರಡು. ನಮ್ಮ ಹೊಲದಾಗ ಇರೋದು ಹಿಂಗ ಕೊಟ್ಟು ಮುಗಿಸಿದ ಸೋಡಿಯಂ, ಕ್ಯಾಲ್ಸಿಯಂ.

ನಮ್ಮ ಎರಿ ಮಣ್ಣಿನ ಜೇಡಿ ಕಣದ ಮೈಮ್ಯಾಲ ಋಣ ಇರ್ತದ. ಧನ ಇದ್ದದ್ದು ಅದಕ್ಕ ಅಂಟ್ಕೊಂತದ. ಕ್ಯಾಲ್ಸಿಯಂಗೆ ಎರಡು ಕೈ ಇದ್ದಂಗ. ಕಣ ಕಣ ಹತ್ತಿರ ಹಿಡಿದು ಹೆಂಟಿ ಮಾಡ್ತದ, ನಡುವ ನೀರು, ಗಾಳಿ ಆಡ್ತದ. ಸೋಡಿಯಂದು ಒಂದೇ ಕೈ. ಸುತ್ತ ನೀರು ಕಟ್ಟಿಕೊಂಡು ಸಡಲಾಗಿ ಕೂಡ್ತದ. ಸೋಡಿಯಂ ಹೆಚ್ಚಾದ್ರ ನೀರು ಬಿದ್ದ ಕೂಡ್ಲೇ ಕಣ ಬಿಟ್ಟುಬಿಟ್ಟು ರಾಡಿ ಆಗಿ, ಮಣ್ಣಿನ ಸಂದಿ ಮುಚ್ಚತದ. ನೀರು ಕೆಳಗಿಳಿಯಂಗಿಲ್ಲ, ಒಣಗಿದ್ರ ಕಲ್ಲಾಗ್ತದ. ಇದೇ ಕರಲು.

ಜಿಪ್ಸಂ ಅಂದ್ರ ಕ್ಯಾಲ್ಸಿಯಂ ಸಲ್ಫೇಟ್. ಅದರ ಕ್ಯಾಲ್ಸಿಯಂ ಜೇಡಿ ಮ್ಯಾಲಿನ ಸೋಡಿಯಂನ ಎಬ್ಬಿಸಿ ತಾನು ಕೂಡ್ತದ. ಎದ್ದ ಸೋಡಿಯಂ ಸಲ್ಫೇಟ್ ಜೋಡಿ ನೀರಿನಾಗ ಕರಗಿ ನಿಲ್ತದ. ನಾ ತಪ್ಪಿದ್ದು ಇಲ್ಲೇ. ಎದ್ದದ್ದು ಹೊರಗ ಹೋಗಬೇಕಲ್ಲ? ಬಸವಸಾಗರದ ಎಡದಂಡೆ ಕಾಲುವಿ ನೀರು ಬಂದಾಗಿಂದ ನಮ್ಮ ಶಹಾಪುರ, ಸುರಪುರ ಕಡೆ ಭತ್ತದ ಗದ್ದಿ ಹೆಚ್ಚಾದ್ವು. ನೀರು ಬಿಡೋದು ಕಲಿತ್ವಿ, ಬಸಿಯೋದು ಕಲೀಲಿಲ್ಲ. ನನ್ನ ತುಂಡಿಗೆ ಬಸಿಗಾಲುವೆನೇ ಇಲ್ಲ. ಬ್ಯಾಸಗ್ಯಾಗ ನೀರು ಆರಿದಂಗ ಸೋಡಿಯಂ ತಿರುಗಿ ಮ್ಯಾಲ ಬಂತು. ಮನಿಯಿಂದ ಕಸ ಗುಡಿಸಿ ಬಾಗಿಲ ಹಾಕಿದಂಗಾತು.

ಮಗಳು ಒಂದು ಪರೀಕ್ಷಾ ಮಾಡಿದ್ಲು, ನೀವೂ ಮಾಡ್ರಿ. ಎರಡು ಗಾಜಿನ ಗ್ಲಾಸಿನಾಗ ಮಳಿ ನೀರು ತಗೊಂಡು, ಒಂದರಾಗ ಚಿಟಿಕಿ ಜಿಪ್ಸಂ ಕದಡಬೇಕು. ಎರಡಕ್ಕೂ ಕಡ್ಲಿಯಷ್ಟು ಒಣ ಹೆಂಟಿ ಹಾಕಿ, ಅಲುಗಾಡಿಸದ ಮರುದಿನ ತನಕ ಬಿಡಬೇಕು. ನಮ್ಮದು ಬರೇ ನೀರಿನಾಗ ಹಾಲಿನಂಗ ಕದಡಿತ್ತು. ಜಿಪ್ಸಂ ಇದ್ದದ್ದು ತಿಳಿಯಾಗಿ ನಿಂತಿತ್ತು. ಅಪ್ಪ ಎರಡೂ ಗ್ಲಾಸ್ ಎತ್ತಿ ನೋಡಿ ಸುಮ್ನ ಕೂತ. "ಸತ್ತಿಲ್ಲ ಹಂಗಾದ್ರ" ಅಂದ.

ಆದ್ರ ಇದನ್ನಷ್ಟೇ ನಂಬಿ ಜಿಪ್ಸಂ ತರಬ್ಯಾಡ್ರಿ. ಉಪ್ಪು ಹೆಚ್ಚಿದ್ದ ಮಣ್ಣು ಸೋಡಿಯಂ ಇದ್ರೂ ಕದಡದಿರಬಹುದು. ಬರೇ ಉಪ್ಪಿನ ಸವಳಿದ್ರ ಜಿಪ್ಸಂ ಬೇಕಾಗಿಲ್ಲ, ಒಳ್ಳೆ ನೀರು ಕಟ್ಟಿ ಬಸಿದ್ರ ಸಾಕು. ರಸಸಾರ 8.5 ದಾಟಿ, ವಿನಿಮಯ ಸೋಡಿಯಂ ನೂರಕ್ಕ 15ರ ಮ್ಯಾಲಿದ್ರ ಅದು ಕರಲು. ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರದಾಗೋ ಭೀಮರಾಯನಗುಡಿ ಕೃಷಿ ಕಾಲೇಜಿನಾಗೋ ಕೇಳಿ, ಮಣ್ಣು ಪರೀಕ್ಷಾ ಮಾಡಿಸಿ, ಎಷ್ಟು ಟನ್ ಅಂತ ತಿಳ್ಕೊಂಡೇ ಹಾಕ್ರಿ. ನಮ್ಮ ಮಣ್ಣಿನಾಗ ಸುಣ್ಣದ ಹರಳು ಅವ, ಅದೂ ಕ್ಯಾಲ್ಸಿಯಮ್ಮೇ, ಆದ್ರ ಕರಗಂಗಿಲ್ಲ. ಡಯಾಂಚ, ಸೆಣಬು ಬೆಳೆದು ಮಣ್ಣಾಗ ಹೊಡೆದ್ರ, ಅದು ಕೊಳೆಯುವಾಗ ಸ್ವಲ್ಪ ಸ್ವಲ್ಪ ಕರಗ್ತದ.

ಇನ್ನ ದೊಡ್ಡ ಮಾತು. ನನ್ನ ಬಸಿನೀರು ಹಳ್ಳಕ್ಕ ಹೋಗಬೇಕಂದ್ರ ಕೆಳಗಿನ ಹೊಲದ ಕಾಕಾನ ಬದುವಿನ ಗುಂಟ ಹೋಗಬೇಕು. ನಿನ್ನೆ ಹೋಗಿ ಕೇಳಿದೆ. "ನಿನ್ನ ಸವಳು ನನಗ್ಯಾಕೋ ತಮ್ಮಾ" ಅಂದ್ರು. ಅವರು ಹೇಳಿದ್ದೂ ಖರೇನೇ. ನಾ ಒಬ್ಬನೇ ತೋಡಿದ್ರ ನನ್ನ ರೋಗ ಅವರ ಹೊಲಕ್ಕ. ಹಳ್ಳದ ತನಕ ಎಲ್ಲರೂ ಕೂಡಿ ತೋಡಿದ್ರ ಮಾತ್ರ ಎಲ್ಲರದೂ ಉಳಿತದ. ಬರೋ ರವಿವಾರ ಎರಡೂ ಗ್ಲಾಸ್ ಹಿಡ್ಕೊಂಡು ಕಾಕಾನ ಮನಿಗೆ ಮತ್ತ ಹೊಂಟೀನಿ. ನಮ್ಮ ಸಾಲಿನ ಹೊಲದವರು ಯಾರ್ಯಾರು ಬರ್ತೀರಿ ಹೇಳ್ರಿ.